ಹನ್ನೊಂದು ಮನೆಗಳ ಬಾಗಿಲು

ನಮ್ಮ ಕಟ್ಟಡದ ಮುಂಬಾಗಿಲಿನ ಕಥೆಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ: ಸೈಕಲ್‌ಗಳು ಕಳುವಾದವು, ಸಭೆ ಸೇರಿದೆವು, ಮತ ಹಾಕಿದೆವು, ಹೊಸ ಬೀಗ ಬಂತು, ನೆಲಮಹಡಿಯ ಯಹೂದಿ ಅಜ್ಜಿಗೂ ಅದರಿಂದ ಬೇಸರವಿಲ್ಲ. ಮೊದಲ ನಾಲ್ಕು ನಿಜ. ಐದನೆಯದನ್ನು ಯಾರು ಅಜ್ಜಿಯನ್ನು ಕೇಳಿಕೊಂಡು ಬಂದು ಸೇರಿಸಿದರೋ ನನಗೆ ಗೊತ್ತಿಲ್ಲ.

ಲಂಡನ್ನಿನ ಎಜ್‌ವೇರ್‌ನ ಆ ಕಟ್ಟಡದಲ್ಲಿ ಹನ್ನೆರಡು ಫ್ಲ್ಯಾಟುಗಳು. ಹಳೆಯ ಬೀಗಕ್ಕೆ ಕರೆಂಟಿರಲಿಲ್ಲ. ನಾಲ್ಕು ಗುಂಡಿ ಒತ್ತಿ ಹಿಡಿಕೆ ತಿರುಗಿಸಿದರೆ ಸಾಕಿತ್ತು. ಹೊಸದು ಎಲೆಕ್ಟ್ರಾನಿಕ್. ಒಳಗೆ ಬರಲು ಪ್ಲಾಸ್ಟಿಕ್ ಬಿಲ್ಲೆ ತೋರಿಸಬೇಕು, ಹೊರಗೆ ಹೋಗಲೂ ಕರೆಂಟಿನ ಗುಂಡಿ ಒತ್ತಬೇಕು. ಅಜ್ಜಿಗೋ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಕೆಲಸ ನಿಷಿದ್ಧವಾದ ಪವಿತ್ರ ದಿನ. ಕರೆಂಟಿನ ಯಾವುದನ್ನೂ ಮುಟ್ಟುವಂತಿಲ್ಲ, ತನ್ನ ಪರವಾಗಿ ಮುಟ್ಟು ಎಂದು ಇನ್ನೊಬ್ಬರನ್ನು ಕೇಳುವಂತೆಯೂ ಇಲ್ಲ. ಬೇಕಿದ್ದರೆ ಸೂಚನೆ ಕೊಡಬಹುದು, ಅಷ್ಟೆ. ಶನಿವಾರ ಬೆಳಿಗ್ಗೆ ಪ್ರಾರ್ಥನೆಗೆ ಸಿನಗಾಗ್‌ಗೆ ನಡೆದು ಹೋಗಿ ಬರುವುದೊಂದೇ ಅವರ ವಾರದ ತಿರುಗಾಟ.

"ದೇವರು ಇಂಥ ಬಿಲ್ಲೆಗಳನ್ನೆಲ್ಲ ಗಮನಿಸ್ತಾ ಕೂತಿರ್ತಾನಾ?" ಎಂದು ಸಭೆಗೆ ಮೊದಲು ಅಜ್ಜಿಯನ್ನು ಕೇಳಿದೆ. ಆಗ ನಾನು ಅಕ್ಸ್‌ಬ್ರಿಡ್ಜ್‌ನ ಯೂನಿವರ್ಸಿಟಿಯ ಚರ್ಚಾ ತಂಡದಲ್ಲಿದ್ದೆ. ದೇವರನ್ನು ಬಸ್ಸಿನಲ್ಲೇ ಎರಡು ಸಲ ವಾದದಲ್ಲಿ ಸೋಲಿಸಿದ್ದೆ.

"ಅದು ನನ್ನ ತಲೆನೋವು," ಎಂದರು ಅಜ್ಜಿ. "ನೀನು ಸಭೆಯಲ್ಲಿ ನನ್ನ ಪರ ಮಾತಾಡ್ತೀಯಾ? ನಮ್ಮ ಹಳೇ ನ್ಯಾಯಾಲಯದಲ್ಲಿ, ಮರಣದಂಡನೆಯ ಮೊಕದ್ದಮೆಯಲ್ಲಿ, ಎಲ್ಲ ನ್ಯಾಯಾಧೀಶರೂ ಒಟ್ಟಿಗೇ ತಪ್ಪಿತಸ್ಥ ಅಂದುಬಿಟ್ಟರೆ ಅವನನ್ನು ಬಿಟ್ಟುಬಿಡಬೇಕು ಅಂತಿತ್ತು. ಅವನ ಕಡೆಯಿಂದ ಒಬ್ಬನೂ ಯೋಚಿಸಿಲ್ಲ ಅಂತ ಅರ್ಥ."

"ಹಾಗಾದ್ರೆ ಬುದ್ಧಿವಂತ ಕೊಲೆಗಾರ ಎಲ್ಲ ನ್ಯಾಯಾಧೀಶರಿಗೂ ಬೇಡವಾಗಿಯೇ ಬದುಕಿಕೊಳ್ತಾನೆ."

"ಅದರ ಬಗ್ಗೆಯೂ ನಮ್ಮವರು ಜಗಳ ಆಡಿದ್ದಾರೆ. ಬಿಸ್ಕೆಟ್ ತಿನ್ನು."

ನಾನು ಬಿಡಲಿಲ್ಲ. "ನಿಮ್ಮವರೇ ಹನ್ನೊಂದು ಮನೆ, ನಾವು ಒಂದೇ ಮನೆ ಇದ್ದಿದ್ದರೆ? ನಮಗೋಸ್ಕರ ಬೀಗ ಉಳಿಸ್ತಿದ್ರಾ?"

"ಇಲ್ಲದೇ ಇರಬಹುದು. ಅದಕ್ಕೇ ನಿಯಮ ಬೇಕು. ಜನರ ಒಳ್ಳೆಯತನಕ್ಕೆ ಆಗಾಗ ಜ್ವರ ಬರುತ್ತೆ. ನನ್ನದಕ್ಕೂ."

ನಿವಾಸಿಗಳ ಸಂಘದ ಅಧ್ಯಕ್ಷರು ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಬಂದು ನೆಲೆಸಿದವರು. ಸಭೆ ಅವರ ಮನೆಯಲ್ಲೇ. ಒಬ್ಬೊಬ್ಬರಿಗೆ ಮೂರು ನಿಮಿಷ. ನಮ್ಮ ಚರ್ಚಾ ತಂಡದಲ್ಲಿ ಒಂದು ಶಿಸ್ತಿತ್ತು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಮೊದಲು ಹೇಳು, ಆಮೇಲೆ ಮುರಿ. ಅಜ್ಜಿಯ ಪರ ಮಾತಾಡಲು ಎದ್ದ ನಾನು ಮೊದಲು ಹೊಸ ಬೀಗದ ವಾದ ಹೇಳಿದೆ. ಕಳುವಾದ ಸೈಕಲ್‌ಗಳು, ಕಾಣೆಯಾದ ಪಾರ್ಸಲ್‌ಗಳು, ಊರಿಗೆಲ್ಲ ಗೊತ್ತಿರುವ ನಾಲ್ಕು ಅಂಕಿ, ಒಂಟಿ ಮುದುಕಿಯ ಸುರಕ್ಷತೆ. ಸೋಫಾದ ಮೇಲೆ ತಲೆಗಳು ತೂಗತೊಡಗಿದವು. ತೂಗುವ ತಲೆ ಕಂಡರೆ ನನಗೆ ನಿಲ್ಲಿಸಲಾಗುವುದಿಲ್ಲ. "ಆದರೆ" ಎನ್ನುವಷ್ಟರಲ್ಲಿ ಅಧ್ಯಕ್ಷರ ಫೋನು ಗಂಟೆ ಬಾರಿಸಿತು.

"ಟೈಮ್ ಆಯ್ತಮ್ಮ. ಎಷ್ಟ್ ಚೆನ್ನಾಗ್ ಹೇಳ್ದೆ. ನಾನೇ ಇಷ್ಟೆಲ್ಲ ಯೋಚ್ನೆ ಮಾಡಿರ್ಲಿಲ್ಲ."

ಮನೆಗೊಂದು ಮತ. ಹೊಸ ಬೀಗಕ್ಕೆ ಹನ್ನೊಂದು ಕೈ ಎದ್ದವು. ನಮ್ಮ ಮನೆಯ ಕೈ ಅಮ್ಮನದು. ಅಜ್ಜಿ ತಮ್ಮ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ವಾಸಿಯಿತ್ತು.

ಮೆಟ್ಟಿಲ ಮೇಲೆ ಅಮ್ಮನನ್ನು ಹಿಡಿದೆ. "ನೀನ್ಯಾಕೆ ಕೈ ಎತ್ತಿದೆ?"

ಕುಂದಾಪುರ ಬಿಟ್ಟು ಇಪ್ಪತ್ತು ವರ್ಷವಾದರೂ ಅಮ್ಮನ ಮಾತು ಅಲ್ಲೇ ಇದೆ. "ನೀನೇ ಅಷ್ಟ್ ಚಂದ ಹೇಳ್ದ್ಯಲೆ ಮಾರಾಯ್ತಿ. ಮಗ್ಳ್ ಹೇಳ್ದ್ ಮೇಲೆ ನಾ ಕೈ ಎತ್ತದೆ ಎಂತ ಮಾಡೂಕೆ?"

ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ ಟ್ಯೂಬ್ ರೈಲು ಇಳಿದು ಬಂದರೆ, ಬೆಳಿಗ್ಗೆ ಯಾರದೋ ಬೆನ್ನ ಹಿಂದೆ ಸಿನಗಾಗ್‌ಗೆ ಹೊರಟಿದ್ದ ಅಜ್ಜಿ ಮುಚ್ಚಿದ ಬಾಗಿಲ ಮುಂದೆ ಕೋಟು ಹಾಕಿಕೊಂಡು ನಿಂತಿದ್ದರು.

"ಇವತ್ತು ಚಳಿ ಜಾಸ್ತಿ," ಎಂದರು, ನನ್ನನ್ನಲ್ಲ, ಪಕ್ಕದ ಪೊದೆಯನ್ನು ನೋಡುತ್ತ. ಸೂಚನೆ ಅದೇ. ನಾನು ಬಿಲ್ಲೆ ತೋರಿಸಿ, ಎಷ್ಟು ಹೊತ್ತಾಯಿತು ಎಂದೆ.

"ಮೂರನೇ ಮಹಡಿಯವರು ಹೊರಗೆ ಬಂದರು. ಅವರಿಗೂ ಚಳಿ ಅಂದೆ. ಹೌದು, ನಾಳೆ ಇನ್ನೂ ಜಾಸ್ತಿಯಂತೆ ಅಂದು ಹೊರಟುಹೋದರು. ನಾನು ಮೆಟ್ಟಿಲು ಹತ್ತೋದರಲ್ಲಿ ಬಾಗಿಲು ಮುಚ್ಚಿಕೊಳ್ತು. ಸಭ್ಯ ಜನ."

ಮರುವಾರ ಅಜ್ಜಿ ಸಿನಗಾಗ್‌ಗೆ ಹೊರಡಲಿಲ್ಲ. ಅದರ ಮುಂದಿನ ವಾರವೂ.

ನಾನು ಅಧ್ಯಕ್ಷರ ಮನೆಗೆ ಹೋದೆ. ಹಳೆಯ ಬೀಗವನ್ನು ಹಿತ್ತಲ ಬಾಗಿಲಿಗಾದರೂ ಹಾಕಿಸಿ ಎಂದೆ. ಅವರು ಸಮಾಧಾನವಾಗಿ ಕಾಫಿ ಕೊಟ್ಟರು.

"ಡೆಮಾಕ್ರಸಿ ಅಂದ್ರೆ ಡೆಮಾಕ್ರಸಿ ಕಣಮ್ಮ. ಹನ್ನೊಂದು ಒಂದ್ಕಡೆ, ಒಂದು ಒಂದ್ಕಡೆ. ಅದೂ ಅಲ್ದೆ ಯಾರಾದ್ರೂ ಬಾಗಿಲು ತೆಗೀತಾರಲ್ಲ. ಇಲ್ಲಿರೋರೆಲ್ಲ ಒಳ್ಳೇವ್ರೇ."

ಒಳ್ಳೆಯವರೇ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ನಾನು ಈ ಸಲ ಎದುರಾಳಿಯ ವಾದದ ಗೋಜಿಗೇ ಹೋಗದೆ ಕೇಳಿದೆ:

"ಅಂಕಲ್, ಬರೋ ಶನಿವಾರ ನಿಮ್ಮ ಬಿಲ್ಲೆ ನನ್ನ ಹತ್ರ ಕೊಟ್ಟು, ಗುಂಡಿ ಮುಟ್ಟದೆ, ಯಾರನ್ನೂ ಏನೂ ಕೇಳದೆ, ನೀವು ಹೊರಗೆ ಹೋಗಿ ಮನೆಗೆ ವಾಪಸ್ ಬರ್ತೀರಾ?"