ನಿಷ್ಠುರ ಓದುಗ ನಾನೇ

ಮಮತಾಜಳ ಕಥೆಗಳ ಕೆಳಗೆ ‘ನಿಷ್ಠುರ ಓದುಗ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವಳು ನಾನು. ಹಾಗೆ ಬರೆಯುತ್ತಿದ್ದದ್ದು ಆಕೆಯ ನಾದಿನಿ ಶಕೀಲಾ ಎಂದು ನಂಬಿಸಿದವಳೂ ನಾನೇ. ಎರಡನೆಯದನ್ನು ಹೇಳುವುದು ಮೊದಲನೆಯದಕ್ಕಿಂತ ಕಷ್ಟ — ಅದಕ್ಕೇ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದೇನೆ.

ನಮ್ಮ ಕಥೆ ಬರೆಯುವ ಗುಂಪಿನವರಿಗೆ ನಾನು ಗೊತ್ತು. ಉಳಿದವರಿಗಾಗಿ ಇಷ್ಟು: ಹುನಗುಂದದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಅರ್ಜಿ, ಮದುವೆ ಕಾರ್ಡು, ಮಕ್ಕಳ ಪ್ರಾಜೆಕ್ಟು ಟೈಪು ಮಾಡಿಕೊಡುತ್ತೇನೆ. ಮದುವೆಯಾಗಲಿಲ್ಲ, ಅದಕ್ಕೂ ಈ ಕಥೆಗೂ ಸಂಬಂಧವಿಲ್ಲ. ಎಂಟು ವರ್ಷದ ಹಿಂದೆ ಟೀವಿಯಲ್ಲಿ ‘ಏಳನೇ ಠಾಣೆ’ ಎಂಬ ಪೊಲೀಸ್ ಧಾರಾವಾಹಿ ಬರುತ್ತಿತ್ತು. ಇನ್‌ಸ್ಪೆಕ್ಟರ್ ದೇವಯಾನಿ ಗುಂಡು ತಗುಲಿ ಬಿದ್ದ ಕಂತಿನ ಮಾರನೆಯ ದಿನ ಚಾನೆಲ್‌ನವರು ಅದನ್ನು ನಿಲ್ಲಿಸಿಬಿಟ್ಟರು. ಬದುಕಿದಳೋ ಸತ್ತಳೋ ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಮುಂದಿನ ಕಂತನ್ನು ನಾನೇ ಬರೆದು, ಮೊಬೈಲಿನ ಕಥೆಗಳ ಆ್ಯಪ್‌ನಲ್ಲಿ ಹಾಕಿದೆ. ಓದಿದವರು ತಾವೂ ಬರೆದರು. ಹಾಗೆ ಗುಂಪಾಯಿತು. ಮೂರು ತಿಂಗಳಿಗೊಮ್ಮೆ ನಲವತ್ತು ಪುಟದ ಒಂದು ಪತ್ರಿಕೆ — ‘ಠಾಣೆ ಡೈರಿ’. ಟೈಪು ನನ್ನದು, ಝೆರಾಕ್ಸ್ ನನ್ನದು, ಪಿನ್ನು ಹೊಡೆದು ಅಂಚೆಗೆ ಹಾಕುವುದೂ ನನ್ನದು. ಮೊದಲ ಪುಟದಲ್ಲಿ ಯಾವಾಗಲೂ ನನ್ನ ಕಥೆ. ಯಾರೂ ಕೊಟ್ಟ ಜಾಗವಲ್ಲ ಅದು, ಯಾರನ್ನೂ ಕೇಳದೆ ನಾನೇ ಕೂತ ಜಾಗ. ಆದರೆ ನನ್ನ ಜೀವನದಲ್ಲಿ ನಾನು ಮೊದಲಿಗಳಾಗಿದ್ದ ಜಾಗ ಅದೊಂದೇ ಆಗಿತ್ತು.

ಮಮತಾಜ ಬಂದದ್ದು ಎರಡನೇ ವರ್ಷ. ಇಲಕಲ್ಲಿನವಳು. ಮನೆಯಲ್ಲಿ ಕುಳಿತು ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೆಲಸ. ‘ಕೆಂಪು ದಡಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದಳು. ಆಕೆ ದೇವಯಾನಿಯ ಗೋಜಿಗೇ ಹೋಗಲಿಲ್ಲ. ಧಾರಾವಾಹಿಯಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ಇದ್ದ. ಅವನ ಹೆಂಡತಿ ಸುಂದ್ರವ್ವ ಎರಡೇ ಸಲ ಠಾಣೆಗೆ ಊಟದ ಡಬ್ಬಿ ತಂದುಕೊಟ್ಟು ಹೋಗುತ್ತಾಳೆ, ಅವಳಿಗೆ ಒಂದು ಮಾತೂ ಇಲ್ಲ. ಮಮತಾಜ ಆ ಸುಂದ್ರವ್ವನನ್ನು ಹಿಡಿದುಕೊಂಡಳು. ಇಪ್ಪತ್ತಾರು ಕಂತು. ಆಕೆ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು, ಕಾಲೇಜು ಓದುತ್ತಿದ್ದ ನಾದಿನಿ ಶಕೀಲಾ ಅದನ್ನು ಮೊಬೈಲಿಗೆ ಇಳಿಸುತ್ತಿದ್ದಳು. ಸುಂದ್ರವ್ವನ ಬಾಯಲ್ಲಿ ಬರುವ ಚುರುಕು ಮಾತೆಲ್ಲ ಶಕೀಲಾಳದೇ.

“ಆಕಿ ಅಡಗಿ ಮನ್ಯಾಗ ಮಾತಾಡ್ತಿರ್ತಾಳ್ರಿ ಅಕ್ಕಾ, ನಾ ಬರಕೋತೇನಿ. ಆಕೀಗೆ ಗೊತ್ತ ಆಗೂದಿಲ್ಲ. ಟೈಪ್ ಮಾಡುವಾಗ ನಗತಾಳ — ಭಾಬಿ, ಇದು ನನ್ನ ಮಾತಲ್ಲೇನು ಅಂತ.” ಒಂದು ದಿನ ಅಂಗಡಿಗೆ ಬಂದಾಗ ಮಮತಾಜ ಹೀಗೆ ಹೇಳಿದ್ದಳು. ನಾನೂ ನಕ್ಕಿದ್ದೆ. ಆ ಹೊತ್ತಿಗೆ ನನ್ನ ನಗೆಯಲ್ಲಿ ಕಪಟವಿರಲಿಲ್ಲ — ಇರಲಿಲ್ಲ ಅಂದುಕೊಂಡಿದ್ದೇನೆ.

ಆ ಚಳಿಗಾಲದಲ್ಲಿ ನಾವು ಎಂಟು ಜನ ಬಾದಾಮಿಯಲ್ಲಿ ಕೂಡಿದ್ದೆವು. ಹೊಂಡದ ಪಾವಟಿಗೆಯ ಮೇಲೆ ಕುಳಿತು ರೊಟ್ಟಿ ಬುತ್ತಿ ಬಿಚ್ಚಿದ್ದೆವು. ಮಮತಾಜ ಬಂದಿರಲಿಲ್ಲ. ಅಲ್ಲಿನ ಲಾಡ್ಜೊಂದರಲ್ಲಿ ಮ್ಯಾನೇಜರಾಗಿದ್ದ ಪ್ರಕಾಶ ಸರ್ ನಮ್ಮಲ್ಲೆಲ್ಲ ಹಿರಿಯರು. ಅವರು ಕೈ ತೊಳೆದುಕೊಂಡು ಬಂದು, ಬಹಳ ಮೆಲ್ಲಗೆ, ನನಗೆ ನೋವಾಗದಿರಲೆಂದೇ ಹೇಳಿದರು:

“ಗಿರಿಜಾ ಬಾಯಾರ, ಮುಂದಿನ ಸಂಚಿಕಿಯಿಂದ ಮೊದಲನೇ ಪುಟಕ್ಕ ಸುಂದ್ರವ್ವನ್ನ ಹಾಕೂಣೇನ್ರಿ? ಓದೋರು ಅದನ್ನ ಕೇಳಾಕತ್ಯಾರ.”

ಎಲ್ಲರೂ ಹೌದೆಂದರು. ನಾನೂ ಹೌದೆಂದೆ. ಎಲ್ಲರಿಗಿಂತ ಜೋರಾಗಿ.

ಅದುವರೆಗೆ ಆ್ಯಪ್‌ನಲ್ಲಷ್ಟೇ ಇದ್ದ ಮಮತಾಜಳ ಕಂತುಗಳನ್ನೆಲ್ಲ ಮಾರನೆಯ ದಿನ ಪ್ರಿಂಟು ತೆಗೆದೆ. ಪೆನ್ಸಿಲು ಹಿಡಿದು ಓದಲು ಕೂತೆ. ಒಳ್ಳೆಯ ಸಾಲು ಬಂದಲ್ಲಿ ಗೆರೆ ಎಳೆಯುತ್ತ ಹೋದೆ — ಪತ್ರಿಕೆಗೆ ಆರಿಸಲು. ಹತ್ತು ಪುಟ ದಾಟುವ ಹೊತ್ತಿಗೆ ಗೊತ್ತಾಯಿತು, ನಾನು ಆರಿಸುತ್ತಿಲ್ಲ. ನನಗೆ ಬರೆಯಲಾಗದ ಸಾಲುಗಳಿಗೆ ಗೆರೆ ಎಳೆಯುತ್ತಿದ್ದೇನೆ. ‘ಗಂಡನ ಟೊಪ್ಪಿಗಿ ತಲಿ ಮ್ಯಾಲಿದ್ರ ಊರಿಗೆ ಹೆದರಿಕಿ, ಗೂಟಕ್ಕಿದ್ರ ನನಗ ಹೆದರಿಕಿ’ — ಸುಂದ್ರವ್ವ ಹೇಳುವ ಮಾತು. ಇದನ್ನು ಓದಿ ಪೆನ್ಸಿಲು ಕೆಳಗಿಟ್ಟೆ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಮಧ್ಯಾಹ್ನದ ಹೊತ್ತು. ಮೊಬೈಲು ತೆಗೆದುಕೊಂಡು ಹೊಸದೊಂದು ಹೆಸರು ಮಾಡಿದೆ.

ಮೊದಲ ಕಮೆಂಟಿನಲ್ಲಿ ಸುಳ್ಳು ಕೂಡ ಇರಲಿಲ್ಲ. ಠಾಣೆಯಲ್ಲಿ ಹಾಗೆ ಪಂಚನಾಮೆ ಬರೆಯುವುದಿಲ್ಲ ಎಂದು ತಪ್ಪು ತೋರಿಸಿದೆ, ಅಷ್ಟೆ. ಮಮತಾಜ ವಿನಯದಿಂದ ಧನ್ಯವಾದ ಹೇಳಿದಳು. ಆ ವಿನಯ ನನ್ನನ್ನು ಇನ್ನಷ್ಟು ಕೆಣಕಿತು. ಎರಡನೆಯದರಿಂದ ಆಕೆಯ ಒಂದೊಂದು ಸಾಲನ್ನು ಎತ್ತಿಕೊಂಡು, ಕೆಳಗೆ ಗೇಲಿ ಬರೆಯತೊಡಗಿದೆ. ಯಾವ ಸಾಲು? ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದವೇ. ಅತ್ಯುತ್ತಮವಾದವನ್ನೇ ಹುಡುಕಿ ಹುಡುಕಿ ಹೊಡೆದೆ. ನೋಡಿದ ಬೇರೆ ಕೆಲವರೂ ನಗುವ ಗುರುತು ಹಾಕಿದರು. ಜನ ಹೀಗೂ ಬೇಗ ಕೂಡುತ್ತಾರೆ.

ಇತ್ತ ಮಮತಾಜ ನನಗೇ ಫೋನು ಮಾಡುತ್ತಿದ್ದಳು. “ಅಕ್ಕಾ, ಖರೇನ ಅಷ್ಟ ಕೆಟ್ಟ ಬರೀತೇನೇನ್ರಿ ನಾ?” ನಾನು ಸಮಾಧಾನ ಹೇಳುತ್ತಿದ್ದೆ. “ಅಂಥವರ ಮಾತಿಗೆ ಕಿವಿ ಕೊಡಬ್ಯಾಡ” ಅನ್ನುತ್ತಿದ್ದೆ. ಅದೇ ಫೋನಿನಿಂದ — ಅದೇ ಕೈಯಿಂದ.

ಐದನೆಯ ತಿಂಗಳು ಒಂದು ಸಾಲು ಬರೆದೆ: ‘ಕುಚ್ಚು ಕಟ್ಟುವವರು ಕುಚ್ಚು ಕಟ್ಟಿಕೊಂಡಿರಬೇಕು, ಕಥೆ ಕಟ್ಟಲು ಬರಬಾರದು.’ ಬರೆದ ಮೇಲೆ ಬಹಳ ಚೆನ್ನಾಗಿ ಕೂತಿದೆ ಅನಿಸಿತು. ಹೌದು, ಹಾಗೇ ಅನಿಸಿತು. ಅದರಲ್ಲಿ ನಾನೇ ಸಿಕ್ಕಿಬೀಳಬಹುದು ಎಂಬುದು ಮಾತ್ರ ಹೊಳೆಯಲಿಲ್ಲ.

ಮರುದಿನ ಆಕೆ ಬಸ್ಸು ಹಿಡಿದು ಅಂಗಡಿಗೇ ಬಂದಳು. ಮುಖ ಬಿಳಿಚಿಕೊಂಡಿತ್ತು. ಕುರ್ಚಿಯ ತುದಿಗೆ ಕೂತಳು.

“ಅಕ್ಕಾ, ನಾ ಕುಚ್ಚ ಕಟ್ಟೂದು ಗುಂಪಿನಾಗ ಯಾರಿಗೂ ಗೊತ್ತಿಲ್ರಿ. ನಿಮಗೊಬ್ಬರಿಗೆ ಹೇಳೇನಿ. ಬಿಟ್ರ ನಮ್ಮ ಶಕೀಲಾಗ ಗೊತ್ತು.”

ಆಕೆ ನನ್ನನ್ನು ಅನುಮಾನಿಸುತ್ತಿರಲಿಲ್ಲ. ಕಣ್ಣೆತ್ತಿ ನೋಡಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಶಕೀಲಾ ಅಲ್ಲ ಎಂದು ನಾನು ಹೇಳಲಿ ಎಂದು ಬಂದಿದ್ದಳು, ಅಷ್ಟಕ್ಕೇ ಅಷ್ಟು ದೂರ ಬಂದಿದ್ದಳು. ಆಗ ಸುಮ್ಮನಿದ್ದಿದ್ದರೂ ಸಾಕಿತ್ತು — ಸುಮ್ಮನಿರಲಿಲ್ಲ.

“ಮನ್ಯಾಗಿನವರ ಇರಬೇಕವಾ. ಹೊರಗಿನವರಿಗೆ ಇಷ್ಟ ಹೊಟ್ಟಿಕಿಚ್ಚ ಇರೂದಿಲ್ಲ.”

ಇದು ನಾನು ಆಡಿದ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಕೆ ಎದ್ದು ಹೋದಳು. ಗುಂಪಿನಲ್ಲಿ ಕೇಳಿದವರಿಗೂ ನಾನು ಅದನ್ನೇ ಹೇಳಿದೆ — ಪಾಪ, ಮನೆಯವರದೇ ಕಾಟವಂತೆ ಎಂದು.

ಆ ವಾರವೇ ಆಕೆ ಇಪ್ಪತ್ತಾರೂ ಕಂತುಗಳನ್ನು ಅಳಿಸಿಹಾಕಿದಳು. ನೋಟುಬುಕ್ಕುಗಳನ್ನು ನೀರಿನ ಒಲೆಗೆ ಹಾಕಿದಳು. ಶಕೀಲಾ ಅತ್ತು, ಖುರಾನಿನ ಮೇಲೆ ಆಣೆ ಮಾಡುತ್ತೇನೆ ಅಂದಳಂತೆ. ಮಮತಾಜ ಒಪ್ಪಲಿಲ್ಲ. ಒಂದೇ ಅಂಗಳದಲ್ಲಿದ್ದು ಇಬ್ಬರೂ ಮಾತು ಬಿಟ್ಟರು. ಮುಂದಿನ ವರ್ಷ ಶಕೀಲಾಳನ್ನು ಬಾಗಲಕೋಟೆಗೆ ಮದುವೆ ಮಾಡಿ ಕೊಟ್ಟರು. ಆ ಮದುವೆಯಲ್ಲೂ ಅತ್ತಿಗೆ ನಾದಿನಿ ಮಾತಾಡಲಿಲ್ಲ ಎಂದು ಮಮತಾಜಳೇ ನನಗೆ ಹೇಳಿದಳು, ಏನನ್ನೋ ಗೆದ್ದವಳ ಹಾಗೆ. ನೆಪ ಹೇಳಿ ನಾನು ಮುಂದೂಡುತ್ತ ಬಂದಿದ್ದ ಸಂಚಿಕೆ ಕೊನೆಗೆ ಹೊರಟಾಗ, ಅದರ ಮೊದಲ ಪುಟದಲ್ಲಿ ಮತ್ತೆ ನನ್ನ ಕಥೆಯೇ ಬಂತು. ಯಾರೂ ಅದರ ಬಗ್ಗೆ ಏನೂ ಬರೆಯಲಿಲ್ಲ.

ಎರಡು ವರ್ಷದ ಹಿಂದೆ ಶಕೀಲಾಗೆ ಕಾಮಾಲೆಯಾಯಿತು. ನಾಟಿ ಔಷಧಿಯಲ್ಲಿ ಹತ್ತು ದಿನ ಕಳೆದು ಆಮೇಲೆ ದವಾಖಾನೆಗೆ ಸೇರಿಸಿದರು. ಮಮತಾಜ ಹೋಗಲೋ ಬೇಡವೋ ಎಂದು ಎರಡು ದಿನ ತೂಗಿದಳು. ಹೋಗುವಷ್ಟರಲ್ಲಿ ಶಕೀಲಾಳ ಮಾತು ನಿಂತಿತ್ತು. ತೀರಿಕೊಂಡಾಗ ವಯಸ್ಸು ಇಪ್ಪತ್ತೇಳು.

ನಲವತ್ತು ದಿನ ಕಳೆದ ಮೇಲೆ ಮಮತಾಜ ನನ್ನ ಅಂಗಡಿಗೆ ಬಂದಳು. ಬುರ್ಖಾದ ಅಂಚೆಲ್ಲ ಧೂಳು. ಕೂರಲಿಲ್ಲ, ನಿಂತೇ ಕೇಳಿದಳು.

“ಅಕ್ಕಾ, ಸುಂದ್ರವ್ವನ ಕಥಿ ನಿಮ್ಮ ಕಡೆ ಎಲ್ಲ್ಯಾರ ಉಳದೈತೇನ್ರಿ? ಒಂದ ಕಂತ ಇದ್ರೂ ಆತು. ಆಕಿ ಮಾತು ಅದರಾಗ ಅದಾವು. ಆಕೀದು ಫೋಟೋ ಅದಾವ್ರಿ, ಮಾತ ಇಲ್ಲ.”

ಪ್ರಿಂಟಿನ ಕಟ್ಟು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಆಕೆ ನಿಂತಲ್ಲಿಂದ ಒಂದು ಮೊಳ ದೂರ. ಅದರ ತುಂಬ ನನ್ನ ಪೆನ್ಸಿಲಿನ ಗೆರೆಗಳು. ಪಕ್ಕದಲ್ಲಿ, ಕಮೆಂಟು ಹಾಕುವ ಮುಂಚೆ ಬರೆದು ನೋಡಿದ ಗೇಲಿಯ ಮಾತುಗಳು, ನನ್ನ ಕೈಬರಹದಲ್ಲೇ. ರಬ್ಬರು ಹಾಕಿ ಅಳಿಸಿ ಕೊಡಬಹುದಿತ್ತು. ‘ನಾಳೆ ಬಾ’ ಅನ್ನಬಹುದಿತ್ತು.

“ಇಲ್ಲವಾ. ಕಂಪ್ಯೂಟರ್ ಕೆಟ್ಟಾಗ ಎಲ್ಲಾ ಹೋದುವು” ಅಂದೆ.

ಹೆದರಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಆಕೆ ಹೋದ ಮೇಲೆ ಬಾಗಿಲು ಅರ್ಧ ಎಳೆದು, ಕಟ್ಟು ತೆಗೆದು, ಹಾಳೆ ಹಾಳೆಯಾಗಿ ಹರಿದೆ. ಹರಿಯುವಾಗ ಕಣ್ಣಿಗೆ ಬಿದ್ದ ಸಾಲುಗಳನ್ನು ಓದದಿರಲು ಪ್ರಯತ್ನಿಸಿದೆ. ರದ್ದಿಯವನು ಬಂದು ಚೀಲ ಒಯ್ದ. ಮೊದಲು ಮಾಡಿದ್ದನ್ನು ಹೊಟ್ಟೆಕಿಚ್ಚು ಅನ್ನಬಹುದೇನೋ. ಇದಕ್ಕೆ ಹೆಸರು ಹುಡುಕಿ ಸೋತಿದ್ದೇನೆ.

ಕಳೆದ ತಿಂಗಳು ಇಲಕಲ್ಲಿಗೆ ಹೋದೆ. ಏಕೆ ಆ ದಿನವೇ ಹೋದೆ ಎಂದರೆ ಹೇಳಲಾರೆ. ಮಮತಾಜ ಪಡಸಾಲೆಯಲ್ಲಿ ಸೆರಗು ಹರವಿಕೊಂಡು ಕುಚ್ಚು ಕಟ್ಟುತ್ತಿದ್ದಳು. ಚಹಾ ಮಾಡಲು ಏಳಹೋದವಳನ್ನು ಬೇಡವೆಂದು ಕೂರಿಸಿ, ಎಲ್ಲವನ್ನೂ ಹೇಳಿದೆ. ಕಮೆಂಟುಗಳು, ‘ಮನ್ಯಾಗಿನವರು’ ಎಂದ ಮಾತು, ಹರಿದುಹಾಕಿದ ಕಟ್ಟು. ಆಕೆ ತಲೆಯೆತ್ತಲಿಲ್ಲ. ಕೈ ನಿಲ್ಲಿಸಲೂ ಇಲ್ಲ. ಎಳೆ ಹೊಸೆದು, ಗಂಟು ಬಿಗಿದು, ಮುಂದಿನದಕ್ಕೆ ಹೋಗುತ್ತಿದ್ದಳು. ಹಾಗೆ ಕಟ್ಟುತ್ತಲೇ ಕೇಳಿದಳು:

“ಕಥಿ ಎಷ್ಟ ಸಲ ಓದೀರಿ?”

“ಭಾಳ ಸಲ.”

“ಹಂಗಾರ ಹೇಳ್ರಿ. ನೆನಪಿದ್ದಷ್ಟು ಹೇಳ್ರಿ.”

ನೆನಪು ಮಾಡಿಕೊಂಡೆ. ನನಗೆ ಬಂದದ್ದು ಒಂಬತ್ತೋ ಹತ್ತೋ ಸಾಲು. ಟೊಪ್ಪಿಗೆಯ ಮಾತು. ‘ನಾ ಸತ್ತರ ಅಳಬ್ಯಾಡ್ರಿ, ನನ್ನ ಡಬ್ಬಿ ತೊಳದಿಡ್ರಿ’ ಎಂಬ ಮಾತು. ಹೇಳುತ್ತ ಹೇಳುತ್ತ ಅರಿವಾಯಿತು — ಅವೆಲ್ಲ ನಾನು ಗೇಲಿ ಮಾಡಿದ ಸಾಲುಗಳೇ. ಇಪ್ಪತ್ತಾರು ಕಂತಿನಲ್ಲಿ ಉಳಿದದ್ದು ನಾನು ಹೊಡೆದದ್ದು ಮಾತ್ರ. ಆಕೆಗೂ ಅದು ತಿಳಿಯಿತು ಅಂತ ಕಾಣುತ್ತದೆ. ಆದರೂ ಪೂರ್ತಿ ಕೇಳಿಸಿಕೊಂಡಳು. ಡಬ್ಬಿಯ ಮಾತು ಬಂದಾಗ ಕೈ ನಿಂತಿತು.

“ಇದ ಹೇಳಿದಾಗ ರೊಟ್ಟಿ ಬಡೀತಿದ್ಲು” ಅಂದಳು. ನನಗೆ ಹೇಳಿದ್ದಲ್ಲ.

ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ಒಳಗಿನ ಕೋಣೆಯ ಕಡೆ ಕೈ ಮಾಡಿದಳು. “ಅಲ್ಲಿ ನಮ್ಮ ಅತ್ತಿ ಕುಂತಾಳ. ಶಕೀಲಾನ್ನ ಹಡದಾಕಿ. ಆಕೀಗೆ ಹೇಳ್ರಿ. ನಾ ಹೇಳಂಗಿಲ್ಲ.”

ಒಳಗೆ ಹೋದೆ. ಮುದುಕಿ ಮಂಚದ ಮೇಲೆ ಕೂತು ತಸಬೀ ಮಣಿ ಎಣಿಸುತ್ತಿದ್ದಳು. ಕಿವಿ ಮಂದ. ಸಣ್ಣ ದನಿಯಲ್ಲಿ ಹೇಳಿದ್ದು ಕೇಳಿಸಲಿಲ್ಲ. “ಏನಂದಿ? ಜೋರ್ಲೆ ಹೇಳವಾ” ಅಂದಳು. ಎರಡನೇ ಸಲ ಹೇಳಿದೆ. ಅದೂ ಮುಟ್ಟಲಿಲ್ಲ. ಮೂರನೇ ಸಲ ಕೂಗಿದೆ — ನಿಮ್ಮ ಮಗಳು ಬರೆದಿರಲಿಲ್ಲ, ನಾನು ಬರೆದದ್ದು, ಸುಳ್ಳು ಹೇಳಿದವಳೂ ನಾನು. ಓಣಿಯಲ್ಲಿ ಯಾರೋ ನಿಂತು ಒಳಗೆ ಇಣುಕಿದರು.

ಮುದುಕಿ ನನ್ನನ್ನೇ ನೋಡಿದಳು. ಸಿಟ್ಟಾದರೆ ಸಿಟ್ಟು, ಶಾಪವಾದರೆ ಶಾಪ — ಯಾವುದಕ್ಕೂ ಸಿದ್ಧಳಾಗಿ ನಿಂತಿದ್ದೆ.

“ಆಕಿ ಹೇಳಿದ್ಲು” ಅಂದಳು ಮುದುಕಿ. “ಅಮ್ಮೀ, ನಾ ಅಲ್ಲ ಅಂತ. ಮದುವಿ ದಿನಾನೂ ಹೇಳಿದ್ಲು. ನಾನೂ ನಂಬಲಿಲ್ಲ.”

ಆಮೇಲೆ ಆಕೆ ಮತ್ತೆ ತಸಬೀ ಎಣಿಸತೊಡಗಿದಳು. ನಾನು ನಿಂತೇ ಇದ್ದೆ.