ಬರೀ ಆಕಾಶ ಉಳಿದ ಚಿತ್ರ

ನಮ್ಮ ಚಿತ್ರಕಲೆಯ ಮಾಸ್ತರರಿಗೆ ಮೋಡವೆಂದರೆ ಪ್ರಾಣ. ಸದರ್ ಬಡಾವಣೆಯ ಭಾನುವಾರದ ತರಗತಿಯಲ್ಲಿ ಅವರು ಹತ್ತೊಂಬತ್ತನೆಯ ಶತಮಾನದ ಡಚ್ಚರ ರೇಖಾಚಿತ್ರಗಳ ಪ್ರತಿಗಳನ್ನು ಮೇಜಿನ ಮೇಲೆ ಹರಡುತ್ತಿದ್ದರು. ಕರಿ ಬಳಪದಲ್ಲಿ ಬರೆದ ತಗ್ಗು ನೆಲ, ಮೇಲೆ ಹಾಳೆ ತುಂಬ ಆಕಾಶ. ಕೆಳಗೆ ಆಲೂಗಡ್ಡೆ ಅಗೆಯುವ ಹೆಂಗಸರು, ಎದೆಗೆ ಪಟ್ಟಿ ಬಿಗಿದುಕೊಂಡು ಕಾಲುವೆಯ ದೋಣಿ ಎಳೆಯುವ ಆಳು. ಮಾಸ್ತರರು ಅವರತ್ತ ಬೆರಳೂ ತೋರಿಸುತ್ತಿರಲಿಲ್ಲ. “ಎಷ್ಟು ಶಾಂತಿ ನೋಡಿ” ಎನ್ನುತ್ತಿದ್ದರು. ಶಾಂತಿಯಂತೆ! ಆ ಆಳಿನ ಎದೆಯನ್ನು ಕೇಳಬೇಕಿತ್ತು.

ನನ್ನ ಅವ್ವ ಧಾರವಾಡದ ಕಡೆ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. ನನಗೆ ಹಿಂದಿ ಮಾತಿನ ಈ ದೂರದ ಊರಲ್ಲಿ ಸರಕಾರಿ ಕಾರ್ಖಾನೆಯ ನೌಕರಿ ಸಿಕ್ಕ ಮೇಲೆ ನನ್ನ ಜೊತೆಗೇ ಇದ್ದಾಳೆ. ತರಗತಿಯ ಪ್ರದರ್ಶನಕ್ಕೆ ನಾನು ಅವಳನ್ನೇ ಬರೆದೆ. ಊರಾಚೆ ಬುಟಿಬೋರಿ ರಸ್ತೆಯ ಹತ್ತಿ ಹೊಲ, ಡಚ್ಚರ ರೀತಿಯಲ್ಲೇ ದೊಡ್ಡ ಆಕಾಶ, ಕೆಳಗೆ ಬಗ್ಗಿ ನಿಂತ ಅವ್ವ. ಅದಕ್ಕಾಗಿ ಅವಳು ನಮ್ಮ ವರಾಂಡದಲ್ಲಿ, ಹತ್ತಿ ತುಂಬಿಕೊಳ್ಳುವ ಹಾಗೆ ಸೆರಗಿನ ಉಡಿ ಕಟ್ಟಿಕೊಂಡು ಬಗ್ಗಿದಳು. “ಗ್ವಾಡಿಗೆ ನನ್ನ ಚಿತ್ರ ಹಾಕ್ತಾರಂತ? ಜಲ್ದಿ ಬರಿ, ನಡ ಹಿಡ್ಯಾಕತ್ತೈತಿ” ಎಂದು ನಕ್ಕಳು. ಹೊಲದ ಆ ದಿನಗಳಲ್ಲಿ ಅವಳ ಒಂದು ಫೋಟೋವನ್ನೂ ಯಾರೂ ತೆಗೆದಿರಲಿಲ್ಲ.

ಚೌಕಟ್ಟು ಹಾಕಿಸಲು ಚಿತ್ರವನ್ನು ಮಾಸ್ತರರ ಕೈಗೆ ಕೊಟ್ಟೆ. ಪ್ರದರ್ಶನಕ್ಕೆ ಅವ್ವ ಇಳಕಲ್ ಸೀರೆ ಉಟ್ಟು ಬಂದಳು. ಚಿತ್ರದ ಮುಂದೆ ನಿಂತಳು, ಇನ್ನೂ ಹತ್ತಿರ ಹೋದಳು, ಪಕ್ಕದ್ದನ್ನು ನೋಡಿ ಮತ್ತೆ ಬಂದಳು.

“ಇದು ನೀ ಬರದದ್ದ ಹೌದಿಲ್ಲ? ನಾ ಎಲ್ಲೆ ಅದೀನಿ?”

ಅವಳಿರಲಿಲ್ಲ. ಆಕಾಶವಿತ್ತು, ಮರಗಳ ಸಾಲಿತ್ತು, ಚೌಕಟ್ಟು ಅಲ್ಲಿಗೇ ಮುಗಿದಿತ್ತು. ಮಾಸ್ತರರು ನಗುತ್ತ ಬಂದು, ನಿಸರ್ಗಚಿತ್ರಕ್ಕೆ ಆ ಆಕೃತಿ ಅಡ್ಡ ಬರುತ್ತಿತ್ತು, “ಥೋಡಾ ಕಾಟ್ ದಿಯಾ, ಅಬ್ ಬರೋಬರ್ ಹೈ” ಎಂದರು. ಕತ್ತರಿಸಿದ ತುಂಡನ್ನು ಕೇಳಿದೆ. ಕಸದ ಜೊತೆ ಹೋಗಿರಬೇಕಂತೆ.

ನನ್ನ ಮೈ ಹೊತ್ತಿ ಉರಿಯಿತು. “ವೋ ಮೇರಿ ಮಾ ಹೈ!” ಎಂದು ಕೂಗಿ ಚೌಕಟ್ಟನ್ನು ಮೊಳೆಯಿಂದ ಕಿತ್ತುಕೊಂಡೆ. ಮುಖ್ಯ ಅತಿಥಿಗಳು ಚಹಾದ ಕಪ್ಪು ಹಿಡಿದು ಬಿಟ್ಟಕಣ್ಣು ಬಿಟ್ಟ ಹಾಗೆ ನಿಂತರು. ನಿಲ್ಲಲಿ. ದುಡಿದವರನ್ನು ಕಸಕ್ಕೆ ಹಾಕಿ ಹೊಲದ ಚೆಲುವು ಸವಿಯುವವರ ಎದುರು ನನಗೆಂಥ ಮರ್ಯಾದೆ?

ಅವ್ವ ನನ್ನ ರಟ್ಟೆ ಹಿಡಿದಳು. “ಬಿಡವಾ, ಯಾಕ ಬಾಯಿ ಮಾಡ್ತಿ? ಹೊಲದಾಗಿದ್ದಾಗರ ನನ್ನ ಯಾರ್ ನೋಡ್ತಿದ್ರು?”

ಮಾಸ್ತರರನ್ನು ಒಂದಲ್ಲ ಒಂದು ದಿನ ಕ್ಷಮಿಸಿಯೇನು. ಆದರೆ ಆ ಮಾತು ಹೇಳುವಾಗ ಅವ್ವನಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಅವಳಿಗೆ ಹಾಗೆ ರೂಢಿ ಮಾಡಿಸಿದವರನ್ನು ಮಾತ್ರ ನಾನು ಎಂದೂ ಕ್ಷಮಿಸಲಾರೆ.