ಯಾರಿಗೂ ಬೇಸರವಾಗದ ವಿಷಯ

ನಮ್ಮ ಕಾಲೇಜಿನಲ್ಲಿ ಭಾಷಣಕ್ಕೆ ವಿಷಯ ಹುಡುಕುವ ಕಷ್ಟ ಯಾರಿಗೂ ಇರಲಿಲ್ಲ. ವಿಜ್ಞಾನ ವರವೋ ಶಾಪವೋ ಎಂಬುದನ್ನು ಪ್ರತಿ ವರ್ಷ ತೀರ್ಮಾನ ಮಾಡುತ್ತಿದ್ದೆವು. ಮರುವರ್ಷ ಅದು ತೀರ್ಮಾನವೇ ಆಗಿಲ್ಲವೆಂಬಂತೆ ಮತ್ತೆ ಬಂದು ನಿಲ್ಲುತ್ತಿತ್ತು. ಎಂಬತ್ತರ ದಶಕದ ಆರಂಭ, ನಾನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಆ ವರ್ಷ ಕನ್ನಡ ಕಲಿಸುವ ಸರ್ ಈ ನೆಮ್ಮದಿಯನ್ನು ಕೆಡಿಸಿದರು. ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮನವೊಲಿಸುವ ಭಾಷಣದ ಸ್ಪರ್ಧೆ ಇಟ್ಟಿದ್ದೇವೆ, ವಿಷಯ ನೀವೇ ಆರಿಸಿಕೊಳ್ಳಬೇಕು ಎಂದು ಬಿಟ್ಟರು.

"ಕೇಳಾಕ ಕುಂತವರ ಮನಸು ತಿರಗಬೇಕು ನೋಡ್ರಿ. ಒಳಗ ಬರೂವಾಗ ಒಂದು, ಹೊರಗ ಹೋಗೂವಾಗ ಇನ್ನೊಂದು. ಆದ್ರ ಯಾರಿಗೂ ಬ್ಯಾಸರಾಗಬಾರದು."

ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಹುಡುಗರು ಜಾಣರು. ನಾಲ್ವರು ನಿಂತ ಕಾಲ ಮೇಲೆಯೇ 'ವರದಕ್ಷಿಣೆ ಒಂದು ಪಿಡುಗು' ಎಂದು ಹೆಸರು ಕೊಟ್ಟರು. ಅವರಲ್ಲಿ ಒಬ್ಬನಿಗೆ ಹುನಗುಂದದ ಕಡೆಯ ಹೆಣ್ಣು ಗೊತ್ತಾಗಿ, ಮಾವ ಕೊಡಿಸುವ ಸ್ಕೂಟರು ನೀಲಿಯದೋ ಬೂದಿ ಬಣ್ಣದ್ದೋ ಎಂಬಲ್ಲಿಗೆ ಮಾತು ಬಂದು ನಿಂತಿತ್ತು. ಅವನು ಖಾಲಿ ಕ್ಲಾಸಿನಲ್ಲಿ ಕಣ್ಣೀರು ಸುರಿಸಿಕೊಂಡು ಭಾಷಣವನ್ನು ಅಭ್ಯಾಸ ಮಾಡುತ್ತಿದ್ದ. ಆ ಕಣ್ಣೀರು ನಿಜವಾದದ್ದೇ ಎಂದು ನಾನು ಇವತ್ತಿಗೂ ನಂಬುತ್ತೇನೆ.

ನನಗೆ ಅಷ್ಟು ಜಾಣತನವಿರಲಿಲ್ಲ. ಹಿಂದಿನ ತಿಂಗಳು ಬಾದಾಮಿಗೆ ಟ್ರಿಪ್ ಹೋಗಿದ್ದಾಗ ಗುಹೆಗಳ ಕಂಬದ ಮೇಲೆಲ್ಲ ಮಂದಿ ಮೊಳೆಯಿಂದ ತಮ್ಮ ಹೆಸರು ಕೆತ್ತಿದ್ದನ್ನು ನೋಡಿ ಹೊಟ್ಟೆ ಉರಿದಿತ್ತು. ಅದರ ಮೇಲೆ ಮಾತಾಡುತ್ತೇನೆಂದು ಸರ್ ಬಳಿ ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಬ್ಯಾಡ. ನಮ್ಮ ಆಡಳಿತ ಮಂಡಳಿ ಹಿರಿಯರೊಬ್ಬರ ಹೆಸರೂ ಅಲ್ಲೈತಿ. ಅವರು ಮುಂದಿನ ಸಾಲಿನಾಗ ಕುಂಡರತಾರ."

ಎರಡನೆಯ ಸಲ ಮುಳುಗಡೆಯನ್ನು ಹಿಡಿದುಕೊಂಡು ಹೋದೆ. ಆಲಮಟ್ಟಿಯ ಹಿನ್ನೀರು ಬಂದು ಹಳೇ ಬಾಗಲಕೋಟೆ ಮುಳುಗುತ್ತದೆ ಎಂಬ ಮಾತು ಕೇಳುತ್ತಲೇ ನಮ್ಮ ತಲೆಮಾರು ಬೆಳೆದಿತ್ತು. ಹೇಗೂ ಮುಳುಗುವ ಊರೆಂದು ಜನ ಸೋರುವ ಮಾಳಿಗೆಯನ್ನು ಸೋರಲು ಬಿಟ್ಟಿದ್ದರು. ಬಾಗಿಲಿನ ತಿರುಗಣಿ ಮುರಿದರೆ ಹಗ್ಗ ಕಟ್ಟುತ್ತಿದ್ದರು. ಓದದ ಹುಡುಗರು ಕೂಡ ಮುಳುಗಡೆಯನ್ನೇ ಕಾರಣ ಹೇಳುತ್ತಿದ್ದರು. ನೀರು ಬರುವ ತನಕವಾದರೂ ಮನೆಗೆ ಸುಣ್ಣ ಹಚ್ಚಿರಿ ಎಂದು ಮಾತಾಡುತ್ತೇನೆ ಎಂದೆ.

"ಅದು ರಾಜಕೀಯ ಆಗತೈತಿ."

"ಸುಣ್ಣಾ ಹಚ್ಚೂದು ರಾಜಕೀಯ ಏನ್ರಿ ಸರ್?"

"ಈ ಊರಾಗ ಹೌದು," ಎಂದು ಸರ್ ಎದ್ದು ಹೋದರು.

ನಮ್ಮೂರು ಇಳಕಲ್ಲು, ನಮ್ಮದು ನೇಯುವ ಮನೆ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿಗೆ ಸೇರಿದ ಮೇಲೆ ನಾನು ಹಳೇ ಊರಿನಲ್ಲಿದ್ದ ಅವ್ವನ ತವರಿನಲ್ಲಿ ಉಳಿದಿದ್ದೆ. ಅಲ್ಲಿ ಇದ್ದವರು ಇಬ್ಬರೇ. ಒಬ್ಬಳು ಆಯಿ, ಅಂದರೆ ಅವ್ವನ ಅವ್ವ. ಇನ್ನೊಬ್ಬ ಅವಳ ಕೊನೆಯ ಮಗ, ನನ್ನ ಸೋದರಮಾವ. ಮಾಮಾ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ನನಗಿಂತ ಹತ್ತು ಹನ್ನೊಂದು ವರ್ಷ ದೊಡ್ಡವನು. ನಾನು ತೊಟ್ಟಿಲಲ್ಲಿದ್ದಾಗಲೇ ಅವನ ಹೆಂಡತಿಯೆಂದು ಗೊತ್ತಾಗಿ ಹೋಗಿತ್ತು. ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ಅಕ್ಕನ ಮಗಳನ್ನು ಬಿಟ್ಟು ಹೊರಗಿನ ಹೆಣ್ಣು ತರುವವನು ನಾಲ್ಕು ಮಂದಿಗೆ ಕಾರಣ ಹೇಳಬೇಕು, ಅಕ್ಕನ ಮಗಳನ್ನೇ ತಂದುಕೊಂಡವನನ್ನು ಯಾರೂ ಏನೂ ಕೇಳುವುದಿಲ್ಲ.

ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಮದುವೆ ಎಂದು ಆಯಿ ಹೇಳಿಯಾಗಿತ್ತು. ಇಳಕಲ್ಲಿನಲ್ಲಿ ಅಪ್ಪ ನನ್ನ ಮದುವೆ ಸೀರೆಯ ಉದ್ದೆಳೆಯ ಹಾಸನ್ನು ಮಗ್ಗಕ್ಕೆ ಏರಿಸಿದ್ದ. ನನಗೋ ಬಿ.ಎ. ಮುಗಿಸಿ ಧಾರವಾಡಕ್ಕೆ ಹೋಗಿ ಎಂ.ಎ. ಓದುವ ಆಸೆ. ಅದು ಹೋಗಲಿ, ಹೆಗಲ ಮೇಲೆ ಕೂರಿಸಿಕೊಂಡು ಓಣಿ ತಿರುಗಿಸಿದವನನ್ನು ಗಂಡ ಎಂದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಅವನು ಒಳ್ಳೆಯವನು. ತೊಂದರೆ ಇದ್ದದ್ದೇ ಅಲ್ಲಿ, ಕೆಟ್ಟವನಾಗಿದ್ದರೆ ಬೇಡ ಎನ್ನಲು ಒಂದು ನೆಪವಾದರೂ ಸಿಗುತ್ತಿತ್ತು. ನಮ್ಮ ಮನೆಯಲ್ಲಿ ತನ್ನ ಮದುವೆಯ ಬಗ್ಗೆ ತಾನೇ ಬಾಯಿ ತೆಗೆಯುವುದು ಹುಡುಗಿಗೆ ನಾಚಿಕೆಗೇಡು. ಗಂಡಸಿಗೂ ಹೆಚ್ಚುಕಡಿಮೆ ಅಷ್ಟೇ.

ಒಂದು ಸಂಜೆ ಪಡಸಾಲೆಯಲ್ಲಿ ಕೂತು ಮಾಮಾನ ಮುಂದೆ ಗೋಳು ಹೇಳಿಕೊಂಡೆ. "ಯಾವ ವಿಷಯಾ ಒಯ್ದರೂ ಸರ್ ಬ್ಯಾಡಂತಾರ."

ಅವನು ಪೇಪರು ಮಡಚಿದ. ಅಡುಗೆಮನೆಯಲ್ಲಿ ಆಯಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನಿಲ್ಲುವ ಮೊದಲೇ ಹೇಳಿ ಮುಗಿಸಬೇಕೆಂಬಂತೆ ಅವಸರದಲ್ಲಿ ಹೇಳಿದ:

"ಸ್ವಾದರಮಾವಗ ಹೆಣ್ಣ ಕೊಡಬಾರದು ಅಂತ ಮಾತಾಡು. ನಮ್ಮವ್ವ ಪ್ರವಚನಾ, ಭಾಷಣಾ ಅಂದ್ರ ಬಿಡಾಕಿ ಅಲ್ಲ, ಬಂದ ಬರ್ತಾಳ. ನಾ ಹೇಳೇನಿ ಅಂತ ಎಲ್ಲೂ ಅನಬ್ಯಾಡ ಮತ್ತ."

ಅವನಿಗೂ ಈ ಮದುವೆ ಬೇಡವೆಂದು ನನಗೆ ತಿಳಿದದ್ದು ಹೀಗೆ. ಇಡೀ ತಾಲ್ಲೂಕಿಗೆ ನೋಟೀಸು ಬರೆಯುವ ಗಂಡಸು ತನ್ನ ಅವ್ವನಿಗೆ ಹೇಳಲಾರದ್ದನ್ನು ನಾನು ಮೈಕಿನ ಮುಂದೆ ಹೇಳಬೇಕಿತ್ತು. ಸಿಟ್ಟು ಬಂತು, ಆದರೂ ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಈ ಸಲವೂ ಸರ್ ಬೇಡ ಎನ್ನುತ್ತಾರೆಂದು ಹೆದರಿಕೊಂಡೇ ಹೋದೆ. ಅವರು ಮೇಜು ಕುಟ್ಟಿದರು.

"ಭಾಳ ಛಲೋ! ಸಮಾಜ ಸುಧಾರಣಿ! ಯಾರಿಗೂ ಬ್ಯಾಸರ ಇಲ್ಲ."

ಅಷ್ಟಕ್ಕೇ ಬಿಡದೆ, ನನ್ನ ಬರಹ ತೆಗೆದುಕೊಂಡು 'ಹಳೆಯ ರೂಢಿ' ಎಂದಿದ್ದಲ್ಲಿ 'ಕ್ರೂರ ರೂಢಿ' ಎಂದು ತಿದ್ದಿ, ಇನ್ನೊಂದಿಷ್ಟು ಖಾರ ಇರಲಿ ಎಂದರು. ಅವರ ಹೆಂಡತಿ ಅವರ ಸ್ವಂತ ಅಕ್ಕನ ಮಗಳೆಂದು ನನಗೆ ತಿಳಿದದ್ದು ಗ್ಯಾದರಿಂಗಿನ ದಿನ. ಆಯಿಯ ಪಕ್ಕದ ಕುರ್ಚಿಯಲ್ಲಿ ಕೂತ ಆ ತಾಯಿ ಎರಡು ನಿಮಿಷದಲ್ಲಿ ತಮ್ಮ ಸಂಬಂಧವನ್ನೆಲ್ಲ ಹೇಳಿಯಾಗಿತ್ತು.

ಆ ದಿನ ಆಯಿ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಇಳಕಲ್ಲ ಸೀರೆ ಉಟ್ಟು, ತಾನೇ ಬಹುಮಾನ ಕೊಡಲು ಬಂದವಳ ಗತ್ತಿನಲ್ಲಿ ಕೂತಿದ್ದಳು. ಮಾಮಾ ಹಿಂದೆ ಕಂಬಕ್ಕೆ ಆತು ನಿಂತಿದ್ದ. ಸ್ಕೂಟರಿನ ಹುಡುಗ ಅತ್ತು, ಅಳಿಸಿ ಇಳಿದ ಮೇಲೆ ನನ್ನ ಸರದಿ ಬಂತು. ಮೊದಲು ಹುಟ್ಟುವ ಮಕ್ಕಳ ಆರೋಗ್ಯದ ಮಾತು ಆಡಿದೆ. ಆಮೇಲೆ ಕಾಗದ ಮಡಚಿ, ಎತ್ತಿ ಆಡಿಸಿದ ಕೈಯನ್ನೇ ಹಿಡಿಯಬೇಕಾದ ಹುಡುಗಿಯ ಕಥೆ ಹೇಳಿದೆ. "ಮನೆಯ ಹಿರಿಯರೇ, ಒಂದೇ ಒಂದು ಸಲ ಆ ಹುಡುಗಿಯನ್ನು ಕೇಳಿ ನೋಡಿ," ಎನ್ನುವಾಗ ಆಯಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸರ್ ಹೆಂಡತಿಯೂ ಒರೆಸಿಕೊಂಡರು. ವೇದಿಕೆಯ ಮೇಲೆ ಸರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮನಸ್ಸು ತಿರುಗಿತು, ನಾನು ಉಳಿದೆ ಎಂದುಕೊಂಡೆ.

ಮೊದಲ ಬಹುಮಾನ ಸ್ಕೂಟರಿನವನಿಗೆ ಹೋಯಿತು, ಎರಡನೆಯದು ನನಗೆ. ಬಸ್ಸಿನಲ್ಲಿ ಹಳೇ ಊರಿಗೆ ಇಳಿದು ಬರುವಾಗ ದಾರಿಯುದ್ದಕ್ಕೂ ಆಯಿಯದು ಒಂದೇ ವರಾತ.

"ಏನ್ ಮಾತಾಡಿದಿ ಯವ್ವಾ! ಕರಳು ಚುರ್ ಅಂತು. ಪಾಪ, ಅಂಥಾ ಹುಡಿಗ್ಯಾರ ಗತಿ ಏನು!"

ಮನೆಯೊಳಗೆ ಕಾಲಿಟ್ಟವಳೇ ಮಗನ ಕಡೆ ತಿರುಗಿದಳು. "ನೋಡಪಾ, ಹೆಂಡ್ತಿ ಭಾಷಣಾ ಮಾಡಾಕಿ ಸಿಗಾಕತ್ತಾಳ. ಮದಿವ್ಯಾದ ಮ್ಯಾಲೂ ಮಾಡ್ಲಿ, ಬ್ಯಾಡ ಅನಬ್ಯಾಡ."

ನನಗೆ ಆಗ ತಿಳಿಯಿತು. ಮೈಕಿನಲ್ಲಿ ಬಂದದ್ದೆಲ್ಲ ನಮ್ಮವರಿಗೆ ಬೇರೆಯವರ ಮನೆಯ ಸುದ್ದಿ. ಆಯಿ ಶ್ರಾವಣದ ಪ್ರವಚನದಲ್ಲಿ ಕೋಪ ಬಿಡಿರಿ ಎಂಬ ಮಾತಿಗೆ ತಿಂಗಳಿಡೀ ತಲೆದೂಗಿ, ಅಲ್ಲಿ ತನ್ನ ಜಾಗದಲ್ಲಿ ಕೂತವಳ ಜೊತೆ ದಿನಾ ಬರುವ ದಾರಿಯಲ್ಲಿ ಜಗಳವಾಡಿದ ಹೆಣ್ಣುಮಗಳು. ಅವಳು ನನಗಾಗಿ ಅತ್ತಿದ್ದಳು, ಆದರೆ ನಾನೇ ಆ ಹುಡುಗಿ ಎಂಬುದು ಅವಳ ತಲೆಗೆ ಬಂದಿರಲಿಲ್ಲ. ಮಾಮಾನನ್ನು ನೋಡಿದೆ. ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಎರಡು ಚಪ್ಪಲಿ ಬಿಡಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

ನಾನು ಆಯಿಯ ಎದುರು ಹೋಗಿ ನಿಂತೆ. ಇಲ್ಲಿ ಮೈಕು ಇರಲಿಲ್ಲ.

"ಆಯಿ, ಆ ಹುಡಿಗಿ ನಾನ. ನಾ ಮಾಮಾನ ಮಾಡ್ಕೊಳ್ಳಾಂಗಿಲ್ಲ."

ಆಯಿ ನನ್ನನ್ನೇ ನೋಡಿದಳು. "ಇಷ್ಟ ಹೇಳಾಕ ಅಷ್ಟ ಮಂದಿ ಯಾಕ ಬೇಕಾಗಿತ್ತ? ಮನ್ಯಾಗ ಹೇಳಾಕ ಏನಾಗಿತ್ತ ನಿನಗ?"

"ಹೇಳಿದ್ರ ಕೇಳ್ತಿದ್ದಿ ಏನ?"

ಅವಳು ಮಗನನ್ನು ಕರೆದಳು. "ನೀ ಏನಂತೀಯೋ?"

"ಅಕಿ ಅಂದದ್ದ ಖರೆ ಅವ್ವಾ," ಎಂದ ಮಾಮಾ. ಸಣ್ಣ ದನಿ, ಆದರೂ ಅಂದ.

ಆಯಿ ಗೋಡೆಗೆ ಆತು ಕೂತಳು. ಬಯ್ಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ನಾಳೆಯೇ ನನ್ನನ್ನು ಇಳಕಲ್ಲಿನ ಬಸ್ಸು ಹತ್ತಿಸುತ್ತಾಳೆ ಎಂದು ಕಾಯುತ್ತ ನಾನೂ ಪಕ್ಕದಲ್ಲಿ ಕೂತೆ. ಅವಳು ಏನನ್ನೂ ಮಾಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದಳು.

"ನನ್ನ ಕಟ್ಟಿಕೊಂಡ ನಿಮ್ಮ ಮುತ್ಯಾನೂ ನನಗ ಸ್ವಾದರಮಾವನ. ನನ್ನ ಯಾರೂ ಕೇಳಿರಲಿಲ್ಲ. ಅದಕ್ಕ ನಿನ್ನ ಕೇಳಬೇಕಂತ ನನಗ ತಿಳೀಲೇ ಇಲ್ಲವಾ. ನಾಳಿಗೆ ಇಳಕಲ್ಲಿಗೆ ನಾನ ಹೋಗ್ತೇನಿ. ನಿಮ್ಮಪ್ಪಗ ನಾನ ಹೇಳ್ತೇನಿ."

ನನಗೆ ಅಳು ಬಂತು. ಅವಳ ಕೈ ಹಿಡಿದುಕೊಂಡು ಕೇಳಿದೆ:

"ಆಗ ಕೇಳಿದ್ರ ನೀ ಏನಂತಿದ್ದಿ ಆಯಿ?"

ಆಯಿ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಆಮೇಲೆ ಹೇಳಿದಳು:

"ತಡಿಯವಾ, ವಿಚಾರ ಮಾಡ್ತೇನಿ. ಹಿಂಗ ನನ್ನ ಯಾರರ ಕೇಳಾಕತ್ತಿದ್ದು ಇದ ಮೊದಲ."